ಅಪ್‌ಲಿಂಕ್ ಬಿಲ್ ನೋಡಿ ಕ್ಲೌಡ್‌ಗೆ ಹಾರುವ ಮುಂಚೆ

ಚಿಕ್ಕ ಟಿವಿ ಚಾನಲ್‌ಗಳ ಎಂಸಿಆರ್‌ನಲ್ಲಿ, ಅಂದರೆ ಪ್ರಸಾರ ನೋಡಿಕೊಳ್ಳುವ ಕಂಟ್ರೋಲ್ ರೂಮಿನಲ್ಲಿ, ಈಗ ಎಲ್ಲರ ಬಾಯಲ್ಲೂ ಒಂದೇ ಮಾತು. ಟ್ರಾನ್ಸ್‌ಪಾಂಡರ್ (ಸ್ಯಾಟಲೈಟ್ ಮೇಲೆ ಚಾನಲ್ ಹಿಡಿದ ಜಾಗ) ಬಾಡಿಗೆ ಕಟ್ಟಿ ಕಟ್ಟಿ ಸಾಕಾಯ್ತು, ಇಂಟರ್ನೆಟ್ ಮೇಲೇ ಫೀಡ್ ಕೊಟ್ಟುಬಿಡೋಣ ಅಂತ. ಕೊಡಬಹುದು. ಒಂದು ಕನ್ನಡ ಚಾನಲ್‌ನ ಫೀಡನ್ನು ಹಾಗೆ ಸಾಗಿಸಿದ ತಂಡದಲ್ಲಿ ನಾನೂ ಇದ್ದೆ. ಶುರು ಮಾಡುವ ಮುಂಚೆ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಉಳಿಯುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಜನರ ಮೊಬೈಲ್‌ಗೆ ಹೋಗುವ ಆ್ಯಪ್ ಸ್ಟ್ರೀಮ್ ಬಗ್ಗೆ ಅಲ್ಲ. ಚಾನಲ್‌ನಿಂದ ಕೇಬಲ್ ಹೆಡ್‌ಎಂಡ್‌ಗೆ (ಚಾನಲ್‌ಗಳನ್ನೆಲ್ಲ ಹಿಡಿದು ಮನೆಗಳಿಗೆ ಬಿಡುವ ಕೇಬಲ್‌ನವರ ಕೇಂದ್ರ), ಡಿಟಿಎಚ್ ಕಂಪನಿಗೆ, ಅಮೆರಿಕ ಅಥವಾ ಗಲ್ಫ್‌ನಲ್ಲಿ ಇಂಟರ್ನೆಟ್ ಲೈನ್ ಮೇಲೆ ಟಿವಿ ಕೊಡುವ ಐಪಿಟಿವಿಯವರಿಗೆ ಹೋಗುವ ಮೂಲ ಫೀಡ್ ಬಗ್ಗೆ.

ಮೊದಲು ತಲೆ ಎಣಿಸಿ

ಸ್ಯಾಟಲೈಟ್‌ಗೆ ಲೆಕ್ಕ ಬರಲ್ಲ. 35,786 ಕಿಲೋಮೀಟರ್ ಮೇಲಿಂದ ಮಳೆ ಸುರಿದ ಹಾಗೆ ಸುರಿಯುತ್ತದೆ, ಕೆಳಗೆ ಹತ್ತು ಜನ ಬಿಂದಿಗೆ ಇಟ್ಟರೂ ಸಾವಿರ ಜನ ಇಟ್ಟರೂ ಬಾಡಿಗೆ ಒಂದೇ. ಕ್ಲೌಡ್, ಅಂದರೆ ಬಾಡಿಗೆ ಸರ್ವರ್‌ಗಳಿಂದ ಇಂಟರ್ನೆಟ್ ಮೇಲೆ ಕಳಿಸುವುದು, ಹಾಗಲ್ಲ, ಅದು ನಲ್ಲಿ ನೀರು. ಮನೆಮನೆಗೂ ಮೀಟರ್. ಒಳಗೆ ಬರುವ ಡೇಟಾಗೆ ಸಾಮಾನ್ಯವಾಗಿ ಕಾಸು ಕೇಳಲ್ಲ, ಹೊರಗೆ ಹೋಗುವ ಒಂದೊಂದು ಜಿಬಿಗೂ ಕೇಳುತ್ತಾರೆ.

ಲೆಕ್ಕ ಹಾಕಿ ನೋಡಿ. 8 ಎಂಬಿಪಿಎಸ್ ಎಚ್‌ಡಿ ಫೀಡ್, ದಿನದ 24 ಗಂಟೆ, 30 ದಿನ ಓಡಿದರೆ ಸುಮಾರು 2.6 ಟಿಬಿ. ಸೇಫ್ಟಿಗೆ ಎರಡು ದಾರಿಯಲ್ಲಿ ಕಳಿಸಿದರೆ 5.2 ಟಿಬಿ. ಇದು ಒಬ್ಬರಿಗೆ. 20 ಕಡೆಗೆ ಕಳಿಸಿದರೆ 104 ಟಿಬಿ ಆಸುಪಾಸು, ಪ್ರತಿ ತಿಂಗಳು. ಈ ಅಂಕಿಯನ್ನು ನಿಮ್ಮ ಕ್ಲೌಡ್ ಕಂಪನಿಯ ರೇಟ್ ಕಾರ್ಡ್‌ಗೆ ಗುಣಿಸಿ ಅಕೌಂಟ್ಸ್‌ನವರ ಮುಂದೆ ಇಟ್ಟ ಮೇಲೇ ಮುಂದಿನ ಮಾತು. ನಾವು ಇದನ್ನು ತಡವಾಗಿ ಮಾಡಿದೆವು, ಮೊದಲ ಬಿಲ್ ಬಂದ ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಹಾಗಾಗಿ ನಿಮ್ಮ ಫೀಡ್ ಎಳೆಯುವವರ ಪಟ್ಟಿ ಮಾಡಿ. ಡಿಟಿಎಚ್‌ನವರು, ದೊಡ್ಡ ಎಂಎಸ್‌ಒಗಳು (ಹಲವು ಊರಿನಲ್ಲಿ ಕೇಬಲ್ ನಡೆಸುವ ಕಂಪನಿಗಳು), ಹೊರದೇಶದವರು ಒಂದು ಕಡೆ. ಜಿಲ್ಲೆ, ತಾಲ್ಲೂಕಿನ ಚಿಕ್ಕ ಹೆಡ್‌ಎಂಡ್‌ಗಳು ಇನ್ನೊಂದು ಕಡೆ. ಮೊದಲ ಗುಂಪಿಗೆ ಕ್ಲೌಡ್ ಸರಿ, ಅದರಲ್ಲೂ ಹೊರದೇಶದವರಿಂದಲೇ ಶುರು ಮಾಡಿ. ಉದಾಹರಣೆಗೆ, 83 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-30 ಸ್ಯಾಟಲೈಟ್‌ನ ಸಿ-ಬ್ಯಾಂಡ್ (ಚಾನಲ್ ಫೀಡ್ ಇಳಿದು ಬರುವ ಒಂದು ತರಂಗ ಪಟ್ಟಿ) ಗಲ್ಫ್‌ಗೆ ಮುಟ್ಟುತ್ತದೆ, ಅಮೆರಿಕಕ್ಕೆ ಮುಟ್ಟಲ್ಲ. ಅಲ್ಲಿಗೆ ಇನ್ನೊಂದು ನೆಗೆತ ಬೇಕು, ಅದಕ್ಕೆ ಬೇರೆ ದುಡ್ಡು. ಆ ದುಡ್ಡು ಉಳಿಯುವುದು ಕಣ್ಣಿಗೆ ಕಾಣುತ್ತದೆ, ಮ್ಯಾನೇಜ್‌ಮೆಂಟ್‌ಗೂ ಧೈರ್ಯ ಬರುತ್ತದೆ.

ಎರಡನೇ ಗುಂಪನ್ನು ಡಿಶ್ ಮೇಲೇ ಬಿಡಿ. ಅಪ್‌ಲಿಂಕನ್ನು, ಅಂದರೆ ನೆಲದಿಂದ ಸ್ಯಾಟಲೈಟ್‌ಗೆ ಫೀಡ್ ಕಳಿಸುವುದನ್ನು, ಪೂರ್ತಿ ಆಫ್ ಮಾಡುವ ಕನಸೂ ಬೇಡ. ನಮ್ಮಲ್ಲಿ ಅನುಮತಿ ಸಿಗುವುದೇ ಸ್ಯಾಟಲೈಟ್ ಚಾನಲ್ ಅಂತ, 2022ರ ಅಪ್‌ಲಿಂಕಿಂಗ್-ಡೌನ್‌ಲಿಂಕಿಂಗ್ ಮಾರ್ಗಸೂಚಿಯ ಕೆಳಗೆ. ಟೆಲಿಪೋರ್ಟ್ (ಅಪ್‌ಲಿಂಕ್ ಮಾಡುವ ನೆಲದ ಕೇಂದ್ರ) ಅಥವಾ ಸ್ಯಾಟಲೈಟ್ ವಿಷಯದಲ್ಲಿ ಏನೇ ಬದಲಾವಣೆ ಇದ್ದರೂ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕಾಗದಪತ್ರ ನೋಡುವವರನ್ನು ಮೊದಲು ಕೇಳಿ, ಆಮೇಲೆ ಎಂಜಿನಿಯರ್‌ಗಳನ್ನು.

ಹಾಗಾದರೆ ಇಷ್ಟೆಲ್ಲ ತಲೆನೋವು ಯಾಕೆ ಅಂತೀರಾ? ಬಾಡಿಗೆ ಒಂದು ಕಾರಣ, 5ಜಿ ಇನ್ನೊಂದು. ಅಮೆರಿಕದಲ್ಲಿ 3.7ರಿಂದ 3.98 ಗಿಗಾಹರ್ಟ್ಸ್ ತನಕದ ಸಿ-ಬ್ಯಾಂಡನ್ನು ಟಿವಿಯವರಿಂದ ಬಿಡಿಸಿ ಮೊಬೈಲ್ ಕಂಪನಿಗಳಿಗೆ ಹರಾಜು ಹಾಕಿದರು. ಇಲ್ಲಿ 5ಜಿ 3.67 ಗಿಗಾಹರ್ಟ್ಸ್ ತನಕ ಬಂದು ಕೂತಿದೆ, ನಮ್ಮ ಡಿಶ್‌ಗಳು ಕೇಳಿಸಿಕೊಳ್ಳುವುದು 3.7ರಿಂದ. ನಡುವೆ ಇರುವುದು ಬೇಲಿಯಷ್ಟು ಜಾಗ. ಪಕ್ಕದಲ್ಲೇ ಟವರ್ ಎದ್ದರೆ ಡಿಶ್‌ನ ಬಾಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಮುಂದೆ ಫಿಲ್ಟರ್ ಹಾಕಿಸದೆ ಗತಿ ಇಲ್ಲ.

ದಾರಿ ಹಾಕುವುದು

ಫೀಡ್ ಸಾಗಿಸಲು ಎಸ್‌ಆರ್‌ಟಿ ಸಾಕು, ಇಂಟರ್ನೆಟ್ ಮೇಲೆ ವಿಡಿಯೋ ಬೀಳದ ಹಾಗೆ ಕಳಿಸುವ ಒಂದು ಪದ್ಧತಿ ಅದು. ಹೈವಿಷನ್ ಕಂಪನಿ ಮಾಡಿದ್ದು, 2017ರಲ್ಲಿ ಓಪನ್ ಸೋರ್ಸ್ ಆಯಿತು, ಈಗ ಹೆಚ್ಚುಕಡಿಮೆ ಎಲ್ಲ ಎನ್‌ಕೋಡರ್‌ನಲ್ಲೂ (ವಿಡಿಯೋವನ್ನು ಒತ್ತಿ ಚಿಕ್ಕದು ಮಾಡಿ ಕಳಿಸುವ ಬಾಕ್ಸ್) ಇದೆ. ದಾರಿಯಲ್ಲಿ ಪ್ಯಾಕೆಟ್ ಬಿದ್ದುಹೋದರೆ ಆ ಕಡೆಯವರು ಮತ್ತೆ ಕೇಳುತ್ತಾರೆ, ಈ ಕಡೆಯಿಂದ ಮತ್ತೆ ಹೋಗುತ್ತದೆ. ಅಷ್ಟಕ್ಕೆ ಟೈಮ್ ಬೇಕಲ್ವಾ, ಆ ಟೈಮೇ ಲೇಟೆನ್ಸಿ ಸೆಟ್ಟಿಂಗ್. ಸಾಮಾನ್ಯವಾಗಿ 120 ಮಿಲಿಸೆಕೆಂಡ್ ಇಟ್ಟೇ ಬರುತ್ತದೆ, ಅದನ್ನು ಹಾಗೇ ಬಿಡಬೇಡಿ. ಹೋಗಿ ಬರುವ ಸಮಯದ, ಅಂದರೆ ಆರ್‌ಟಿಟಿಯ, ನಾಲ್ಕು ಪಟ್ಟು ಇಡಿ. ಬೆಂಗಳೂರಿನಿಂದ ಮುಂಬೈಗೆ ಇದು ಚಿಕ್ಕ ಸಂಖ್ಯೆ, ಅಮೆರಿಕಕ್ಕೆ ಒಂದು ಸೆಕೆಂಡ್ ಹತ್ತಿರ ಬರುತ್ತದೆ. ಬರಲಿ ಬಿಡಿ, ಒಂದು ಸೆಕೆಂಡ್ ತಡವಾದರೆ ಯಾರೂ ಫೋನ್ ಮಾಡಲ್ಲ, ಚಿತ್ರ ಒಡೆದರೆ ಮಾಡುತ್ತಾರೆ.

ಎಂಸಿಆರ್‌ನಿಂದ ಎರಡು ಎನ್‌ಕೋಡರ್, ಎರಡು ಲೈನ್, ಕ್ಲೌಡ್‌ನಲ್ಲಿ ಎರಡು ಕಡೆ. ಅಮೆಜಾನ್ ಕ್ಲೌಡ್ ಆದರೆ ಮುಂಬೈ ಮತ್ತು ಹೈದರಾಬಾದ್ ಎರಡರಲ್ಲೂ ಇದೆ. ಅಲ್ಲಿಂದ ಹೆಡ್‌ಎಂಡ್‌ಗೆ. ಹೆಡ್‌ಎಂಡ್ ಬಾಕ್ಸನ್ನು ಕಾಲರ್ (ಕರೆ ಮಾಡುವ ಕಡೆ) ಮಾಡಿ, ನಿಮ್ಮ ಕ್ಲೌಡ್ ಲಿಸನರ್ (ಕರೆಗೆ ಕಾಯುವ ಕಡೆ) ಆಗಿರಲಿ. ಉಲ್ಟಾ ಮಾಡಿದರೆ ಪ್ರತಿಯೊಬ್ಬರ ಫೈರ್‌ವಾಲ್ ಬಿಚ್ಚಿಸುತ್ತಾ ಕೂರಬೇಕು. ಪಾಸ್‌ಫ್ರೇಸ್ ಒಬ್ಬೊಬ್ಬರಿಗೆ ಒಂದೊಂದು ಕೊಡಿ. ಎಲ್ಲರಿಗೂ ಒಂದೇ ಕೊಟ್ಟರೆ, ಒಬ್ಬರು ದುಡ್ಡು ಕಟ್ಟದೆ ಸಿಗ್ನಲ್ ನಿಲ್ಲಿಸಬೇಕಾದಾಗ ಎಲ್ಲರದ್ದೂ ಬದಲಾಯಿಸಬೇಕಾಗುತ್ತದೆ.

ಎರಡು ಲೈನ್ ಅಂದೆನಲ್ಲ, ಅದರ ಕತೆ ಕೇಳಿ. ನಾವೂ ಎರಡು ಕಂಪನಿಯಿಂದ ತೆಗೆದುಕೊಂಡಿದ್ದೆವು. ಎರಡು ರೂಟರ್, ಎರಡು ಬಿಲ್, ಎಲ್ಲ ಜೋರು. ಒಂದು ಮಧ್ಯಾಹ್ನ ಆಫೀಸ್ ಹಿಂದಿನ ರಸ್ತೆಯಲ್ಲಿ ಚರಂಡಿ ಕೆಲಸಕ್ಕೆ ಜೆಸಿಬಿ ಬಂತು, ಒಂದೇ ಸಲ ಬಕೆಟ್ ಇಳಿಸಿತು, ಎರಡೂ ಲೈನ್ ಢಮಾರ್. ಹೋಗಿ ನೋಡಿದರೆ ಎರಡೂ ಫೈಬರ್ ಒಂದೇ ಪೈಪ್‌ನಲ್ಲಿ ಅಣ್ಣತಮ್ಮಂದಿರ ಹಾಗೆ ಮಲಗಿದ್ದವು. ಹೆಡ್‌ಎಂಡ್‌ಗಳು ಇನ್ನೂ ಡಿಶ್ ಮೇಲಿದ್ದವು, ಬಚಾವ್. ಆದ್ದರಿಂದ ಲೈನ್ ಹಾಕಲು ಬಂದ ಹುಡುಗರ ಜೊತೆ ನೀವೇ ನಡೆದು ನೋಡಿ. ಒಂದು ಮುಂದಿನ ಗೇಟಿನಿಂದ ಬಂದರೆ ಇನ್ನೊಂದು ಹಿಂದಿನಿಂದ ಬರಲಿ, ಇಲ್ಲಾಂದ್ರೆ ಒಂದು ಫೈಬರ್, ಇನ್ನೊಂದು ರೇಡಿಯೋ ಲಿಂಕ್. ಕಾಗದದ ಮೇಲಿನ ನಕ್ಷೆ ನಂಬಬೇಡಿ.

ನಿಜವಾದ ಕೆಲಸ ಆ ಕಡೆ

ನಮ್ಮ ಕಡೆ ಎಲ್ಲ ಮುಗಿಯಲು ಮೂರು ವಾರ ಹಿಡಿಯಿತು. ಹೆಡ್‌ಎಂಡ್‌ಗಳನ್ನು ಒಪ್ಪಿಸಿ ಹೊಂದಿಸಲು ಏಳು ತಿಂಗಳು. ಯಾಕಂದ್ರೆ ಅವರ ಪಾಲಿಗೆ ಐಆರ್‌ಡಿ, ಅಂದರೆ ಡಿಶ್ ಸಿಗ್ನಲ್ ಬಿಡಿಸುವ ಬಾಕ್ಸ್, ಸುಮ್ನೆ ಓಡುತ್ತಿದೆ, ಇದೇನು ಹೊಸ ರಾಮಾಯಣ?

ಮೊದಲ ಟೆಸ್ಟ್ ದಿನ ಒಂದು ಹೆಡ್‌ಎಂಡ್‌ನ ಆಪರೇಟರ್ ಫೋನ್ ಮಾಡಿದರು. "ಸಾರ್, ಪಿಕ್ಚರ್ ಫಸ್ಟ್ ಕ್ಲಾಸ್ ಇದೆ, ಧ್ವನಿನೇ ಇಲ್ಲ." ಅರ್ಧ ರಾತ್ರಿ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಏನಂದ್ರೆ, ಹೊಸ ಎನ್‌ಕೋಡರ್ ಆಡಿಯೋಗೆ ಬೇರೆ ಪಿಐಡಿ (ಫೀಡ್ ಒಳಗೆ ಆಡಿಯೋ, ವಿಡಿಯೋ ಗುರುತಿಸುವ) ನಂಬರ್ ಕೊಟ್ಟಿತ್ತು, ಚಾನಲ್‌ಗಳನ್ನೆಲ್ಲ ಒಟ್ಟು ಸೇರಿಸುವ ಅವರ ಮಕ್ಸ್ ಹಳೇ ನಂಬರನ್ನೇ ಕಾಯುತ್ತಾ ಕೂತಿತ್ತು. ಹಾಗಾಗಿ ಈ ಒಂದು ಮಾತು ಗೋಡೆಗೆ ಅಂಟಿಸಿಕೊಳ್ಳಿ: ಸರ್ವಿಸ್ ಐಡಿ, ವಿಡಿಯೋ ಪಿಐಡಿ, ಆಡಿಯೋ ಪಿಐಡಿ, ಪಿಎಂಟಿ (ಈ ಪಿಐಡಿಗಳ ಪಟ್ಟಿ) ಎಲ್ಲ ಸ್ಯಾಟಲೈಟ್ ಫೀಡ್‌ನಲ್ಲಿ ಏನಿತ್ತೋ ಅದೇ ಇರಬೇಕು, ಒಂದಂಕಿಯೂ ಆಚೀಚೆ ಆಗಬಾರದು. ಎನ್‌ಕೋಡರ್ ಔಟ್‌ಪುಟ್ ಸಿಬಿಆರ್, ಅಂದರೆ ಸದಾ ಒಂದೇ ಬಿಟ್‌ರೇಟ್, ಇರಲಿ, ಬಿಟ್‌ರೇಟ್ ಏರಿಳಿದರೆ ಕೆಲವು ಹಳೇ ಮಕ್ಸ್‌ಗಳು ಒದ್ದಾಡುತ್ತವೆ. ಜಾಹೀರಾತು ಎಲ್ಲಿ ಬರುತ್ತದೆ ಅಂತ ತಿಳಿಸುವ ಎಸ್‌ಸಿಟಿಇ-35 ಗುರುತು ಕಳಿಸುತ್ತಿದ್ದರೆ ಅದು ಆ ತುದಿಗೆ ಮುಟ್ಟಿತಾ ಅಂತ ಕೇಳಿ. ಇದನ್ನು ಮರೆತರೆ ಸೇಲ್ಸ್‌ನವರು ನೆನಪಿಸುತ್ತಾರೆ, ಅದೂ ಜೋರಾಗಿ.

ಆಮೇಲೆ ಡಿಶ್ ಫೀಡ್, ಕ್ಲೌಡ್ ಫೀಡ್ ಎರಡನ್ನೂ ಜೊತೆಗೆ ಓಡಿಸಿ. ಎಷ್ಟು ದಿನ? ಒಂದು ಮಳೆಗಾಲ, ಒಂದು ಸನ್ ಔಟೇಜ್ ಆದರೂ ಕಳೆಯಲಿ. ಮಾರ್ಚ್‌ನಲ್ಲಿ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿನಲ್ಲಿ ಸೂರ್ಯ ನೇರ ಸ್ಯಾಟಲೈಟ್ ಹಿಂದೆ ಬರುತ್ತಾನೆ, ಕೆಲವು ದಿನ ಕೆಲವೇ ನಿಮಿಷ ಡಿಶ್‌ಗೆ ಕಣ್ಣು ಕತ್ತಲೆ. ನಮ್ಮ ಮಾನಿಟರ್ ಗೋಡೆಯಲ್ಲಿ ಎಡಗಡೆ ಡಿಶ್ ಫೀಡ್ ಚೌಕ ಚೌಕವಾಗಿ ಒಡೆದು ನಿಂತು, ಬಲಗಡೆ ಕ್ಲೌಡ್ ಫೀಡ್‌ನಲ್ಲಿ ಅಡುಗೆ ಕಾರ್ಯಕ್ರಮದವರು ಒಗ್ಗರಣೆ ಹಾಕುತ್ತಲೇ ಇದ್ದರು. ಆ ಫೋಟೋ ಕಳಿಸಿದ ಮೇಲೆ ಎರಡು ಎಂಎಸ್‌ಒಗಳು ತಾವಾಗೇ ಒಪ್ಪಿಕೊಂಡರು.

ದಿನಾ ನೋಡಬೇಕಾದ್ದು ಹೆಚ್ಚೇನಿಲ್ಲ. ಮತ್ತೆ ಕಳಿಸಿದ ಪ್ಯಾಕೆಟ್ ಸಂಖ್ಯೆ ಏರಿದರೆ ಗಾಬರಿ ಬೇಡ, ಎಸ್‌ಆರ್‌ಟಿ ತನ್ನ ಕೆಲಸ ಮಾಡುತ್ತಿದೆ. ಡ್ರಾಪ್ ಆದ, ಅಂದರೆ ಸಮಯಕ್ಕೆ ಮುಟ್ಟದೆ ಕೈಬಿಟ್ಟುಹೋದ, ಪ್ಯಾಕೆಟ್ ಮಾತ್ರ ಸೊನ್ನೆ ಇರಬೇಕು. ಇಲ್ಲದಿದ್ದರೆ ಲೇಟೆನ್ಸಿ ಏರಿಸಿ, ಆಗಲೂ ನಿಲ್ಲದಿದ್ದರೆ ಲೈನ್‌ನವರಿಗೆ ಫೋನ್ ಮಾಡಿ.

ಹೆಡ್‌ಎಂಡ್ ಕ್ಲೌಡ್‌ಗೆ ಬಂದ ಮೇಲೂ ಅವರ ಐಆರ್‌ಡಿ ಆಥರೈಸೇಶನ್ ತೆಗೆಯಬೇಡಿ, ಬ್ಯಾಕಪ್ ಆಗಿ ಇರಲಿ. ದೊಡ್ಡವರೆಲ್ಲ ಬಂದ ನಂತರ ಸ್ಯಾಟಲೈಟ್ ಮೇಲಿನ ಜಾಗ ಕಡಿಮೆ ಮಾಡಿಕೊಂಡು ಬಾಡಿಗೆ ಇಳಿಸಬಹುದು, ಲಾಭ ಇರುವುದು ಅಲ್ಲೇ. ಆದರೆ ಫ್ರೀಕ್ವೆನ್ಸಿ ಅಥವಾ ಸಿಂಬಲ್ ರೇಟ್ (ಬಾಕ್ಸ್‌ನಲ್ಲಿ ಹಾಕುವ ಸಿಗ್ನಲ್ ವೇಗದ ನಂಬರ್) ಬದಲಾದರೆ ಉಳಿದ ಚಿಕ್ಕ ಹೆಡ್‌ಎಂಡ್‌ಗಳೆಲ್ಲ ಬಾಕ್ಸ್ ಮತ್ತೆ ಟ್ಯೂನ್ ಮಾಡಬೇಕು. ಹದಿನೈದು ದಿನ ಮುಂಚೆಯಿಂದ ಸ್ಕ್ರೀನ್ ಮೇಲೆ ಪಟ್ಟಿ ಓಡಿಸಿ, ವಾಟ್ಸ್ಆ್ಯಪ್‌ನಲ್ಲಿ ಹೊಸ ನಂಬರ್‌ಗಳನ್ನು ಹಾಕಿ, ಆ ದಿನ ಫೋನ್ ಹತ್ತಿರ ಇಬ್ಬರನ್ನು ಕೂರಿಸಿ. ಟ್ರಾನ್ಸ್‌ಪಾಂಡರ್ ಕರಾರಿನಲ್ಲಿ ನೋಟಿಸ್ ಎಷ್ಟು ತಿಂಗಳು ಮುಂಚೆ ಕೊಡಬೇಕು ಅಂತ ಇವತ್ತೇ ತೆಗೆದು ಓದಿ. ನಮ್ಮದರಲ್ಲಿ ಆರು ತಿಂಗಳು ಅಂತ ಇತ್ತು, ಅದು ಯಾರಿಗೂ ನೆನಪಿರಲಿಲ್ಲ.