ಮನೆಯಲ್ಲೇ ಸಂಗ್ರಹಿಸಿದ ಲಾಲಾರಸದಲ್ಲಿ ಕಾರ್ಟಿಸಾಲ್: ನನ್ನ ಅನುಭವ

ಖಿನ್ನತೆಯಿರುವ ಹದಿಹರೆಯದವರಿಂದ ಮನೆಯಲ್ಲಿಯೇ ಲಾಲಾರಸ ಸಂಗ್ರಹಿಸಿ, ಬೆಳಗ್ಗೆ ಏರಿ ರಾತ್ರಿ ಇಳಿಯುವ ಒತ್ತಡದ ಹಾರ್ಮೋನಾದ ಕಾರ್ಟಿಸಾಲಿನ ದಿನಚರಿಯನ್ನು ಅಳೆಯುತ್ತೇನೆ ಎಂದಾಗ, ಹಾಸಿಗೆ ಬಿಟ್ಟೇಳದ ಮಕ್ಕಳು ಗಡಿಯಾರ ನೋಡಿ ಕೊಳವೆ ತುಂಬಿಸುತ್ತಾರೆಯೇ ಎಂದು ಸಹೋದ್ಯೋಗಿಗಳು ನಕ್ಕಿದ್ದರು. ಈಗ ಆ ಕೊಳವೆಗಳಿಂದಲೇ ನಂಬಬಹುದಾದ ರೇಖೆಗಳು ಬರುತ್ತಿವೆ.

ಮೊದಲ ಸುತ್ತು ಪೂರ್ತಿ ನೀರುಪಾಲಾಯಿತು. ಎಚ್ಚರವಾದ 30ರಿಂದ 45 ನಿಮಿಷಗಳಲ್ಲಿ ಶಿಖರ ಮುಟ್ಟುವ ಈ ಹಾರ್ಮೋನಿಗೆ, ಎಚ್ಚರವಾದೊಡನೆ ತೆಗೆಯಬೇಕಾದ ಮೊದಲ ಮಾದರಿ ಕಾಲು ಗಂಟೆ ತಡವಾದರೂ ಏರಿಕೆ ಮರೆಯಾಗುತ್ತದೆ. ಆ ಸಪಾಟು ರೇಖೆಯನ್ನೇ ಕಾಯಿಲೆಯ ಗುರುತೆಂದು ಓದುವ ಅಪಾಯವಿದೆ. ಮಕ್ಕಳ ಚೀಟಿಗಳಲ್ಲಿ ಸಮಯ ಅಚ್ಚುಕಟ್ಟಾಗಿ 6.00, 6.30, 6.45 ಎಂದೇ ಇರುತ್ತಿತ್ತು. ಮುಚ್ಚಳ ತೆರೆದ ಗಳಿಗೆಯನ್ನು ತಾನೇ ದಾಖಲಿಸುವ ಡಬ್ಬಿಗಳನ್ನು ಕೆಲವು ಮನೆಗಳಿಗೆ ಕೊಟ್ಟಾಗ ಬಣ್ಣ ಬಯಲಾಯಿತು. ಕಾಫಿ ಕುಡಿದು ಉಗುಳಿದವರ ಮಾದರಿಯಲ್ಲಂತೂ ಹಸುವಿನ ಹಾಲಿನ ಹಾರ್ಮೋನು ಸೇರಿ ಅಂಕಿ ಕೆಡುತ್ತಿತ್ತು.

ಇದರ ಖರ್ಚು ಸಣ್ಣದಲ್ಲ. ಹಾರ್ಮೋನಿನ ಪ್ರಮಾಣ ಅಳೆಯುವ, ಆಮದಾದ ಎಲಿಸಾ ಕಿಟ್ಟಿಗೆ ನನ್ನ ನೆನಪಿನಂತೆ ಆಗ 40-45 ಸಾವಿರ ರೂಪಾಯಿ ಇತ್ತು. ಅದರ 96 ಗುಳಿಗಳಲ್ಲಿ ಅಳತೆಯನ್ನು ಸರಿನೋಡುವ ಸ್ಟ್ಯಾಂಡರ್ಡ್, ಕಂಟ್ರೋಲ್ ದ್ರವಗಳಿಗೆ ಬೇಕಾದವನ್ನು ಕಳೆದು, ಉಳಿದವುಗಳಲ್ಲಿ ಪ್ರತಿ ಮಾದರಿಯನ್ನು ಎರಡೆರಡು ಗುಳಿಗೆ ಹಾಕಿದರೆ 38ರ ಆಸುಪಾಸು ಮಾದರಿ ಹಿಡಿಸುತ್ತವೆ. ಒಂದು ಮಗುವಿಗೆ ಎರಡು ದಿನ, ದಿನಕ್ಕೆ ನಾಲ್ಕು ಮಾದರಿ ಎಂದರೆ, ಒಂದು ಕಿಟ್ ಐದು ಮಕ್ಕಳಿಗೂ ಸಾಲದು.

ಹಾಲು, ನೈವೇದ್ಯದ ಹಣ್ಣು ಇಡುವ ಫ್ರಿಜ್ಜಿನಲ್ಲಿ ಎಂಜಲಿನ ಕೊಳವೆ ಇಡಲು ತಾಯಂದಿರು ಒಪ್ಪಲಿಲ್ಲ. ಅವರನ್ನು ಒಪ್ಪಿಸುವ ಗೋಜಿಗೂ ನಾನು ಹೋಗಲಿಲ್ಲ. ಲಾಲಾರಸದ ಕಾರ್ಟಿಸಾಲ್ ಕೋಣೆಯ ಉಷ್ಣತೆಯಲ್ಲಿ ಕೆಲವು ದಿನ ಕೆಡುವುದಿಲ್ಲವಾದ್ದರಿಂದ, ಕೊಳವೆಗಳನ್ನು ಲಕೋಟೆಯಲ್ಲಿಯೇ ತರಿಸಿ, ನಮ್ಮಲ್ಲಿ ಮೈನಸ್ 20 ಡಿಗ್ರಿಗೆ ಹಾಕಿದೆವು. ಸಮಯಪಾಲನೆಯ ಹೊಣೆಯನ್ನು ಮಗುವಿನಿಂದ ತೆಗೆದು ಮನೆಯ ಇನ್ನೊಬ್ಬರಿಗೆ ವಹಿಸಿ, ತುಂಬಿದ ಕೊಳವೆಯ ಚಿತ್ರವನ್ನು ಆ ಕ್ಷಣವೇ ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿದೆವು. ಹಳೆಯ ಚಿತ್ರ ಬಾರದಂತೆ ನೋಡಿಕೊಳ್ಳುವ ಉಪಾಯವೊಂದಿದೆ. ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಂಡಿರುತ್ತೇನೆ.

ನಡುವೆ ಕೂದಲನ್ನೂ ಪ್ರಯತ್ನಿಸಿದೆ. ಬುಡದ ಒಂದು ಸೆಂಟಿಮೀಟರ್ ಸುಮಾರು ಒಂದು ತಿಂಗಳ ಲೆಕ್ಕ ಕೊಡುತ್ತದೆ, ನಿಜ. ಆದರೆ ಕೊಬ್ಬರಿ ಎಣ್ಣೆಯಲ್ಲಿ ನೆನೆದ ಜಡೆಗಳನ್ನು ತೊಳೆದು ಸಾಕಾಯಿತು, ಹುಡುಗರ ತಲೆಯಲ್ಲಿ ಕತ್ತರಿಸುವಷ್ಟು ಕೂದಲೇ ಇರಲಿಲ್ಲ, ದಿನದ ಏರಿಳಿತವಂತೂ ಅದರಲ್ಲಿ ಕಾಣುವುದೇ ಇಲ್ಲ.

ಕೊನೆಗೆ ಬೆಳಗಿನ ಏರಿಕೆಗಿಂತ ರಾತ್ರಿಯ ಮಾದರಿಯೇ ಹೆಚ್ಚು ತಿಳಿಸಿತು: ಖಿನ್ನತೆಯಿರುವ ಹಲವರಲ್ಲಿ ಮಲಗುವ ಹೊತ್ತಿಗೂ ಮಟ್ಟ ತಳಕ್ಕಿಳಿದಿರಲಿಲ್ಲ. ಆಸ್ತಮಾದ ಸ್ಟಿರಾಯ್ಡ್ ಇನ್ಹೇಲರ್ ದೇಹದ ಸ್ವಂತ ಕಾರ್ಟಿಸಾಲನ್ನು ತಗ್ಗಿಸಬಲ್ಲದಾದ್ದರಿಂದ ಅದನ್ನು ಬಳಸುವವರನ್ನು ಹೊರಗಿಟ್ಟು, ವಯಸ್ಸಿನ ಬದಲು ಪ್ರಾಯಕ್ಕೆ ಬರುವಾಗಿನ ದೇಹದ ಬೆಳವಣಿಗೆಯ ಹಂತ ನೋಡಿ ಹೋಲಿಸಿದ ಮೇಲೆಯೇ ಈ ವ್ಯತ್ಯಾಸ ನಿಚ್ಚಳವಾಯಿತು.