ಹೆಸರಘಟ್ಟದಲ್ಲಿ ರೋಹು ಕೊನೆಗೂ ಮೊಟ್ಟೆಯಿಟ್ಟಿತು

"ಬೆಂಗಳೂರಿನ ಚಳಿಗೆ ರೋಹು ಮೊಟ್ಟೆ ಇಡಲ್ಲ, ಸುಮ್ನೆ ದುಡ್ಡು ಹಾಳು" ಎಂದವರೇ ಜಾಸ್ತಿ. ಈ ಜುಲೈಯಲ್ಲಿ ಹೆಸರಘಟ್ಟದ ಕಡೆಯ ನನ್ನ ತೊಟ್ಟಿಯಲ್ಲಿ ಎರಡು ತಾಯಿ ಮೀನಿನಿಂದ 6 ಲಕ್ಷದಷ್ಟು ಮೊಟ್ಟೆ ಬಂತು. ಮುಕ್ಕಾಲು ಪಾಲು ಮರಿಯಾಯಿತು.

ಮೊದಲ ವರ್ಷ ಮೀನಿನ ಮಿದುಳಿನ ಬುಡದಲ್ಲಿರುವ, ಹಾರ್ಮೋನು ಬಿಡುವ ಪಿಟ್ಯುಟರಿ ಗ್ರಂಥಿಯ ಹಿಂದೆ ಬಿದ್ದೆ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ರಸ ಚುಚ್ಚಿಯೇ ಗೆಂಡೆ ಮೀನಿನಿಂದ ಮೊಟ್ಟೆ ಇಡಿಸಿದ್ದರು. ನನಗೂ ಅದೇ ಸಾಕು ಅಂದುಕೊಂಡೆ. ಬೆಳಗಿನ ಜಾವ ರಸೆಲ್ ಮಾರ್ಕೆಟ್‌ಗೆ ಹೋಗಿ ಕಾಟ್ಲಾ ಮೀನಿನ ತಲೆ ತಂದೆ. ನೂರಕ್ಕೂ ಹೆಚ್ಚು ಗ್ರಂಥಿ ತೆಗೆದು ಆಲ್ಕೋಹಾಲ್‌ನಲ್ಲಿಟ್ಟೆ. ಒಂದು ಮೀನೂ ಮೊಟ್ಟೆ ಇಡಲಿಲ್ಲ. ನಾನು ತಂದದ್ದು ಐಸ್‌ನಲ್ಲಿ ದಿನಗಟ್ಟಲೆ ಇದ್ದ ಮೀನು, ಅದೂ ಎಳೆಯದು. ಬಲಿತ ಮೀನಿನ ಹೊಸ ಗ್ರಂಥಿಯಲ್ಲಿ ಮಾತ್ರ ನಮಗೆ ಬೇಕಾದಷ್ಟು ಹಾರ್ಮೋನು ಸಿಗುತ್ತದೆ, ಅಲ್ವಾ? 20 ಸಾವಿರದ ಹತ್ತಿರ ಹೋಯಿತು.

ಎರಡನೇ ವರ್ಷ ಓವಾಪ್ರಿಮ್ ಅನ್ನುವ, ಮೀನಿಗೆ ಮೊಟ್ಟೆ ಇಡಿಸುವ ಚುಚ್ಚುಮದ್ದು ತಂದೆ. ಮೇ ಕೊನೆಯಲ್ಲಿ ಹೊಟ್ಟೆ ದಪ್ಪ ಕಂಡಿತು ಅಂತ ಆತುರಪಟ್ಟು ಚುಚ್ಚಿದೆ. ಅದು ಬರೀ ಕೊಬ್ಬು. ಎರಡೂವರೆ ಕೆಜಿಯ 3 ತಾಯಿ ಮೀನು ಸತ್ತವು. ಅವನ್ನು ಕೊಯ್ದು ನೋಡಿದಾಗಲೇ ತಪ್ಪು ತಿಳಿದದ್ದು. ಮದ್ದು ಮೊಟ್ಟೆ ಬೆಳೆಸುವುದಿಲ್ಲ. ಅದು ಪಿಟ್ಯುಟರಿಯಿಂದ ಎಲ್‌ಎಚ್ ಅನ್ನುವ ಹಾರ್ಮೋನು ಬಿಡಿಸುತ್ತದೆ, ಅಷ್ಟೇ. ಎಲ್‌ಎಚ್ ಬಿಡದಂತೆ ತಡೆಯುವ ಡೋಪಮೈನನ್ನು ಅದರಲ್ಲಿರುವ ಡೊಂಪೆರಿಡೋನ್ ಸುಮ್ಮನಾಗಿಸುತ್ತದೆ. ಆಮೇಲೆ ಎಲ್‌ಎಚ್ ರಕ್ತದಲ್ಲಿ ಅಂಡಾಶಯ ಸೇರುತ್ತದೆ. ಅಲ್ಲಿ ಇನ್ನೊಂದು ಹಾರ್ಮೋನು ಹುಟ್ಟಿ, ಬಲಿತ ಮೊಟ್ಟೆಯನ್ನು ಹಣ್ಣು ಮಾಡುತ್ತದೆ. ಅಂಡಾಶಯದಲ್ಲಿ ಬಲಿತ ಮೊಟ್ಟೆಯೇ ಇಲ್ಲದಿದ್ದರೆ ಎಷ್ಟು ಎಲ್‌ಎಚ್ ಬಂದರೇನು?

ಹಾಗಾಗಿ ಈ ಸಲ ಸಣ್ಣ ಕೊಳವೆಯಿಂದ ನಾಲ್ಕಾರು ಮೊಟ್ಟೆ ಎಳೆದು, ಆಲ್ಕೋಹಾಲ್, ಫಾರ್ಮಾಲಿನ್, ಅಸಿಟಿಕ್ ಆಸಿಡ್ ಬೆರೆಸಿದ ದ್ರವದಲ್ಲಿ ಹಾಕಿ ನೋಡಿದೆ. ಮೊಟ್ಟೆಯ ನಡುವಿನ ಚುಕ್ಕೆ ಪಕ್ಕಕ್ಕೆ ಸರಿದಿದ್ದರೆ ಅದು ಬಲಿತಿದೆ ಅಂತ ಅರ್ಥ, ಅಂಥ ಎರಡೇ ಮೀನು ಸಿಕ್ಕವು. ಉಳಿದ ಐದನ್ನು ವಾಪಸ್ ಬಿಟ್ಟೆ. ಹೆಣ್ಣಿಗೆ ಕೆಜಿಗೆ 0.4 ಮಿಲಿ ಓವಾಪ್ರಿಮ್ ಚುಚ್ಚಿದೆ, ಗಂಡಿಗೆ 0.15 ಇರಬೇಕು. ಮಳೆ ನಿಂತ ಸಂಜೆ, 6 ಗಂಟೆ, ನೀರು 26 ಡಿಗ್ರಿ. ರಾತ್ರಿ ಅದು ಇಳಿಯದಂತೆ ಏನು ಮಾಡಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಅದಕ್ಕೆ ಮೂರು ವರ್ಷ ಕೊಟ್ಟಿದ್ದೇನೆ. ಬೆಳಗಿನ ಜಾವ 4ಕ್ಕೆ ಹಾಪಾದಲ್ಲಿ, ಅಂದರೆ ನೀರಲ್ಲಿ ಕಟ್ಟಿದ ಬಲೆಯ ಗೂಡಿನಲ್ಲಿ, ಮೀನು ನೀರು ಬಡಿಯುವ ಸದ್ದು ಕೇಳಿಸಿತು. ಟಾರ್ಚ್ ಹಿಡಿದ ಕೈ ನಡುಗುತ್ತಿತ್ತು.

ಉಳಿದ ಮದ್ದನ್ನು ಒಂದು ಜೋಡಿ ಗೋಲ್ಡ್ ಫಿಶ್‌ಗೂ ಚುಚ್ಚಿದೆ. ಚುಚ್ಚದೆ ಬಿಟ್ಟ ಜೋಡಿಯೂ ಅದೇ ದಿನ ಮೊಟ್ಟೆಯಿಟ್ಟಿತು. ಅದನ್ನು ಮತ್ತೆ ಮಾಡಬೇಕು.

ಈ ಸಲದ ಖರ್ಚು ಮದ್ದು, ಹಾಪಾ, ಕರೆಂಟು ಎಲ್ಲ ಸೇರಿ 9 ಸಾವಿರ. ಮರಿ ಕೊಂಡವರಲ್ಲಿ ಇಬ್ಬರು ಚಳಿಯ ಮಾತು ಆಡಿದವರೇ.