ಹೊಸದಾದರೆ ಸಾಲದು: ಪೇಟೆಂಟ್‌ಗೆ ಮುನ್ನ ನಾನು ನೋಡುವ ಕ್ರಮ

ಪೇಟೆಂಟ್ ಅರ್ಜಿಯಲ್ಲಿ ನಾನು ಮೊದಲು ಓದುವುದು ಕ್ಲೇಮನ್ನು, ಅಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ ಭಾಗವನ್ನು. ವಿವರಣೆಯಲ್ಲಿ ಎಷ್ಟೇ ಜಾಣ್ಮೆಯಿದ್ದರೂ ಕ್ಲೇಮಿನಲ್ಲಿ ಇಲ್ಲದ್ದು ಲೆಕ್ಕಕ್ಕೆ ಬರುವುದಿಲ್ಲ. ಒಂದನೇ ಕ್ಲೇಮನ್ನು ಬಿಡಿ ಅಂಶಗಳಾಗಿ ಒಡೆದು ಕೋಷ್ಟಕದ ಎಡಕ್ಕೆ ಬರೆಯುತ್ತೇನೆ. ಬಲಕ್ಕೆ, ಆದ್ಯತಾ ದಿನಾಂಕಕ್ಕೆ (ಸಾಮಾನ್ಯವಾಗಿ ಮೊದಲ ಅರ್ಜಿ ಸಲ್ಲಿಸಿದ ದಿನ) ಮುಂಚೆ ಪ್ರಕಟವಾದ ದಾಖಲೆಗಳು. ಪ್ರತಿ ಅಂಶದ ಎದುರು ಪುಟ, ಪ್ಯಾರಾ ಸಂಖ್ಯೆ. ಎಲ್ಲ ಅಂಶಗಳೂ ಒಂದೇ ದಾಖಲೆಯಲ್ಲಿ, ಅದೇ ಜೋಡಣೆಯಲ್ಲಿ ಸಿಕ್ಕರೆ ಅದು ಹೊಸದೇ ಅಲ್ಲ, ಮುಂದಿನ ಪ್ರಶ್ನೆಯೇ ಬೇಡ.

ಸಿಗದಿದ್ದರೆ ಅದು ಹೊಸದು, ಆದರೆ ಸಹಜವಾಗಿ ಹೊಳೆಯುವಂಥದ್ದೇ ಎಂದು ನೋಡಬೇಕು. ಅದಕ್ಕಾಗಿ ಅದೇ ಉದ್ದೇಶದ, ಅತಿ ಹತ್ತಿರದ ದಾಖಲೆಯನ್ನು ಆರಿಸಿ ಏನು ವ್ಯತ್ಯಾಸ, ಅದರಿಂದ ಏನು ಫಲ ಎಂದು ಬರೆದುಕೊಳ್ಳುತ್ತೇನೆ. ಆ ಫಲದಿಂದ ಸಮಸ್ಯೆಯನ್ನು ರೂಪಿಸಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ: ಸಮಸ್ಯೆಯ ವಾಕ್ಯದೊಳಗೆ ಪರಿಹಾರ ನುಸುಳಿಬಿಡುತ್ತದೆ. ‘ಮುಚ್ಚಳಕ್ಕೆ ಸ್ಪ್ರಿಂಗ್ ಎಲ್ಲಿ ಕೂರಿಸುವುದು’ ಎಂದು ಕೇಳಿದರೆ ಉತ್ತರ ಆಗಲೇ ಕೊಟ್ಟಂತಾಯಿತು. ‘ಮುಚ್ಚಳ ತಾನಾಗಿ ಮುಚ್ಚಿಕೊಳ್ಳುವಂತೆ ಮಾಡುವುದು ಹೇಗೆ’ ಎನ್ನಬೇಕು.

ಆಮೇಲಿನದು ತೀರ್ಮಾನದ ಪ್ರಶ್ನೆ. ಆ ಕೆಲಸದಲ್ಲಿ ಪಳಗಿದ, ಆದರೆ ಅಸಾಧಾರಣ ಕಲ್ಪನೆಯಿಲ್ಲದ ವ್ಯಕ್ತಿ ಎರಡು ದಾಖಲೆಗಳನ್ನು ಜೋಡಿಸಬಹುದಿತ್ತು ಎಂದರೆ ಸಾಲದು. ಆ ದಿನ ಜೋಡಿಸಲು ಅವರಿಗೆ ಕಾರಣವಿತ್ತೇ, ಫಲ ಸಿಕ್ಕೀತೆಂಬ ನಂಬಿಕೆ ಇರಬಹುದಿತ್ತೇ? ಅಮೆರಿಕದ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಇದು ಚೆನ್ನಾಗಿ ತಿಳಿಯುತ್ತದೆ. 2007ರ ಕೆಎಸ್‌ಆರ್ ಪ್ರಕರಣದಲ್ಲಿ, ಹೊಂದಿಸಬಲ್ಲ ಕಾರ್ ಪೆಡಲ್‌ಗೆ ಎಲೆಕ್ಟ್ರಾನಿಕ್ ಸೆನ್ಸರ್ ಸೇರಿಸಿದ್ದು ಸಹಜವಾಗಿ ಹೊಳೆಯುವಂಥದ್ದು ಎಂದಾಯಿತು. ಉದ್ಯಮವೇ ಆ ಕಡೆ ಸಾಗಿತ್ತು. ಕಾರಣ ದಾಖಲೆಯಲ್ಲೇ ಬರೆದಿರಬೇಕಿಲ್ಲ ಎಂದೂ ಕೋರ್ಟ್ ಹೇಳಿತು. 1966ರ ಆಡಮ್ಸ್ ಪ್ರಕರಣದಲ್ಲಿ ಮೆಗ್ನೀಸಿಯಂ, ಕ್ಯುಪ್ರಸ್ ಕ್ಲೋರೈಡ್ ಎರಡೂ ಬ್ಯಾಟರಿಗಳಲ್ಲಿ ಬಿಡಿಯಾಗಿ ಗೊತ್ತಿದ್ದವೇ. ಆದರೆ ನೀರು ಹಾಕಿ ಚಾಲೂ ಮಾಡುವ ಅಂಥ ಬ್ಯಾಟರಿ ಕೆಲಸ ಮಾಡುತ್ತದೆಂದು ತಜ್ಞರೇ ನಂಬಲಿಲ್ಲ. ಹಿಂದಿನ ತಿಳಿವಳಿಕೆ ಆ ದಾರಿ ಬೇಡವೆಂದೇ ಸೂಚಿಸುತ್ತಿತ್ತು. ಪೇಟೆಂಟ್ ಉಳಿಯಿತು. ಹಾಗಾಗಿ ನಾನು ‘ಹೀಗೆ ಮಾಡಬೇಡಿ’ ಎನ್ನುವ ದಾಖಲೆಗಳನ್ನು ಬೇರೆಯಾಗಿಯೇ ಹುಡುಕುತ್ತೇನೆ.

ಸಹಜವಾಗಿ ಹೊಳೆಯುವಂಥದ್ದಲ್ಲ ಎಂಬುದಕ್ಕೆ ಪುರಾವೆಯಾಗಿ ತೋರಿಸುವ ಮಾರಾಟದ ಯಶಸ್ಸನ್ನು ನಾನು ಎಚ್ಚರದಿಂದ ತೂಗುತ್ತೇನೆ. ಅದು ಜಾಹೀರಾತಿನಿಂದ ಬಂದಿದ್ದರೆ ಪ್ರಯೋಜನವಿಲ್ಲ, ಕ್ಲೇಮಿನ ಆ ವ್ಯತ್ಯಾಸದಿಂದಲೇ ಬಂದಿರಬೇಕು.

ತಾಪಮಾನ, ಪ್ರಮಾಣಗಳ ವ್ಯಾಪ್ತಿ ಇನ್ನೂ ಕಠಿಣ. ಹಳೆಯ ದಾಖಲೆ 50–90 ಡಿಗ್ರಿ ಎಂದಿದ್ದು ಹೊಸ ಕ್ಲೇಮ್ 60–70 ಎಂದರೆ, ಅದು ಬರೀ ಆಯ್ಕೆಯಂತೆ ಕಾಣುತ್ತದೆ. ಅನಿರೀಕ್ಷಿತ ಫಲ ತೋರಿಸಲೇಬೇಕು: 60, 65, 70ರಲ್ಲಿ ಅಳತೆ, ಜೊತೆಗೆ ವ್ಯಾಪ್ತಿಯ ಹೊರಗೆ 55, 75ರಲ್ಲೂ. ಹೋಲಿಕೆ ಅಂಗಡಿಯ ಸಾಮಾನ್ಯ ಉತ್ಪನ್ನದೊಂದಿಗಲ್ಲ, ಅತಿ ಹತ್ತಿರದ ದಾಖಲೆಯಲ್ಲಿರುವುದರೊಂದಿಗೆ. 65ರಲ್ಲಿ ಮಾತ್ರ ಫಲ ಕಂಡರೆ ಕ್ಲೇಮನ್ನು ಅಲ್ಲಿಗೇ ಕಿರಿದಾಗಿಸಲು ಹೇಳುತ್ತೇನೆ.